ಬಾಂಬೆ ಬಾಕ್ಸಿನೊಳಗೆ ನಮ್ಮೂರ ಗಂಧ

ಮುಂಬೈಗೆ ಬಂದು ನೆಲೆಸಿದ ಕನ್ನಡಿಗರು ಚೋರ್ ಬಜಾರಿಗೆ ಒಮ್ಮೆಯಾದರೂ ಹೋಗಿಯೇ ಇರುತ್ತೀರಿ. ಅಲ್ಲಿನ ಮಟನ್ ಸ್ಟ್ರೀಟಿನಲ್ಲಿ ಹಳೆ ಗ್ರಾಮೊಫೋನು, ಸಿನಿಮಾ ಪೋಸ್ಟರು, ಹಿತ್ತಾಳೆ ದೀಪಗಳ ನಡುವೆ ಅಪರೂಪಕ್ಕೊಮ್ಮೆ ಒಂದು ಮರದ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಮುಚ್ಚಳದ ತುಂಬ ಎಳ್ಳಿನಷ್ಟು ಸಣ್ಣ ನಕ್ಷತ್ರ, ತ್ರಿಕೋನಗಳ ಚಿತ್ತಾರ. ಹಳೆ ವಸ್ತು ಸಂಗ್ರಹಿಸುವವರು ಇದನ್ನು ಜಗತ್ತಿನಾದ್ಯಂತ ಕರೆಯುವುದು ‘ಬಾಂಬೆ ಬಾಕ್ಸ್’ ಎಂದು. ಹೆಸರು ಬಾಂಬೆಯದು, ಕಸುಬು ಪರ್ಷಿಯಾದಿಂದ ಬಂದದ್ದು, ಕೈಚಳಕ ಸೂರತ್ತಿನವರದು. ಹಲವು ಪೆಟ್ಟಿಗೆಗಳ ಒಡಲು ಮಾತ್ರ ಶ್ರೀಗಂಧದ್ದು. ಅಂದರೆ ನಮ್ಮ ಕಡೆಯದು.

ಈ ಚಿತ್ತಾರಕ್ಕೆ ‘ಸಾದೇಲಿ’ ಎನ್ನುತ್ತಾರೆ. ಶಿರಾಜ್‌ನಿಂದ ಸಿಂಧ್‌ಗೆ, ಅಲ್ಲಿಂದ ಸೂರತ್ತಿಗೆ, ಕೊನೆಗೆ ಬಾಂಬೆಗೆ ಈ ವಿದ್ಯೆ ಇಳಿದುಬಂತು ಎಂಬುದು ರೂಢಿಯ ಮಾತು. ಪಾರ್ಸಿ ಕುಶಲಕರ್ಮಿಗಳು ಇದರಲ್ಲಿ ಹೆಸರು ಮಾಡಿದ್ದರು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಇಂಥ ಪೆಟ್ಟಿಗೆಗಳು ಹೋದ ಮೇಲೆ ಅಲ್ಲಿನ ಹೆಂಗಸರಿಗೆ ಇವು ಬಲು ಮೆಚ್ಚುಗೆಯಾದವು. ಹೊಲಿಗೆ ಸಾಮಾನು, ಕೈಗವಸು, ಪತ್ರ, ಒಡವೆ ಹೀಗೆ ಒಂದೊಂದಕ್ಕೂ ಬೇರೆ ಅಳತೆಯ ಪೆಟ್ಟಿಗೆ. ಒಳಗೆ ಎತ್ತಿ ತೆಗೆಯಬಹುದಾದ ತಟ್ಟೆ, ಅದರಲ್ಲಿ ಪುಟ್ಟ ಪುಟ್ಟ ಖಾನೆ.

ಅಷ್ಟು ಸಣ್ಣ ನಕ್ಷತ್ರಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದರೇ ಎಂದು ನೋಡಿದವರಿಗೆಲ್ಲ ಅನ್ನಿಸುತ್ತದೆ. ಇಲ್ಲ, ಅಲ್ಲೇ ಇರುವುದು ಜಾಣತನ. ಮೊದಲು ದಂತ, ಕರಿಮರ, ಕೆಂಪಗಿನ ಸಪ್ಪಂಗಿ ಮರ, ತವರ, ಹಸಿರು ಬಣ್ಣ ಹಾಕಿದ ಮೂಳೆ ಇವುಗಳಿಂದ ಉದ್ದನೆಯ, ಕಡ್ಡಿಯಂಥ ಸಲಾಕೆಗಳನ್ನು ಮಾಡಿಕೊಳ್ಳುತ್ತಿದ್ದರು. ಅವನ್ನು ತುದಿಯಿಂದ ನೋಡಿದರೆ ನಕ್ಷತ್ರ ಕಾಣುವ ಹಾಗೆ ಒಟ್ಟುಗೂಡಿಸಿ ಅಂಟು ಹಾಕಿ ಕಟ್ಟುತ್ತಿದ್ದರು. ಆಮೇಲೆ ಸೌತೆಕಾಯಿ ಹೆಚ್ಚಿದಂತೆ ಆ ಕಟ್ಟನ್ನು ಅಡ್ಡಲಾಗಿ ತೆಳ್ಳಗೆ ಕೊಯ್ಯುತ್ತಿದ್ದರು. ಕೊಯ್ದ ಬಿಲ್ಲೆ ಬಿಲ್ಲೆಯಲ್ಲೂ ಅದೇ ನಕ್ಷತ್ರ! ಒಮ್ಮೆ ಬರೆದ ಫಂಕ್ಷನ್ನನ್ನು ಬೇಕಾದಲ್ಲೆಲ್ಲ ಕರೆದುಕೊಳ್ಳುವ ನಮ್ಮ ಸಾಫ್ಟ್‌ವೇರ್ ಮಂದಿಗೆ ಈ ಲೆಕ್ಕ ತಕ್ಷಣ ಅರ್ಥವಾಗುತ್ತದೆ. ಕಷ್ಟವೆಲ್ಲ ಮೊದಲ ಕಟ್ಟಿನಲ್ಲಿ. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಆ ತಪ್ಪು ಪ್ರತಿ ಬಿಲ್ಲೆಯಲ್ಲೂ ಬರುತ್ತದೆ.

ಇನ್ನು ನಮ್ಮ ಕಡೆಯ ಕಥೆ. ಸಾಗರ, ಸೊರಬ, ಸಿದ್ದಾಪುರ, ಕುಮಟಾ ಸೀಮೆಯ ಗುಡಿಗಾರರು ಗಂಧದ ಮರದಲ್ಲಿ ಮಾಡಿದ ಪೆಟ್ಟಿಗೆಗಳಲ್ಲಿ ಅಂಟಿಸುವ ಕೆಲಸವೇ ಇಲ್ಲ, ಎಲ್ಲವೂ ಕೆತ್ತನೆ. ಮದುವೆಗೆ ಬೆಂಡಿನ ಬಾಸಿಂಗ ಮಾಡಿಕೊಡುವ ಕೈಗಳೇ ಗಂಧದ ತುಂಡಿನಲ್ಲಿ ಬಳ್ಳಿ, ಆನೆ, ಹಕ್ಕಿ, ದೇವರುಗಳನ್ನು ಬಿಡಿಸುತ್ತವೆ. ಗಂಧದ ಮರ ದೊಡ್ಡ ಹಲಗೆಯಾಗಿ ಸಿಗುವುದು ಕಷ್ಟ, ಚೇಗು ಕಟ್ಟಲು ದಶಕಗಳೇ ಬೇಕು. ಹಾಗಾಗಿ ಸಣ್ಣ ಸಣ್ಣ ಹಲಗೆಗಳನ್ನು ಕೂಡಿಸಿ, ಕೂಡಿಸಿದ ಗೆರೆ ಬಳ್ಳಿಯ ತಿರುವಿನೊಳಗೆ ಅಡಗುವಂತೆ ಕೆತ್ತುವುದೇ ಜಾಣ್ಮೆ.

ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿತು, 1956ರ ತನಕ ಬಾಂಬೆಯ ಆಡಳಿತದಲ್ಲೇ ಇತ್ತು. ಕುಮಟಾ ಆಗ ಹತ್ತಿ ಸಾಗಿಸುವ ಬಂದರು. ಘಟ್ಟದ ಮೇಲಿನ ಸರಕು ಕರಾವಳಿಗಿಳಿದು ಹಡಗು ಹತ್ತಿ ಬಾಂಬೆ ಸೇರುತ್ತಿತ್ತು. ಕೆಲಸ ಹುಡುಕಿಕೊಂಡು ನಾವು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮೂರ ಗಂಧ ಈ ಊರಿಗೆ ವಲಸೆ ಬಂದಾಗಿತ್ತು ಎನ್ನಿ.

ಈ ಎರಡೂ ಕಸುಬುಗಳು ಇಂದು ಸೊರಗಿರುವುದಕ್ಕೆ ಕಾರಣ ಕೈ ಸೋತದ್ದಷ್ಟೇ ಅಲ್ಲ. ಸಾದೇಲಿಗೆ ದಂತ ಬೇಕಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರದ್ದು ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ಆನೆಗಳ ಪಾಲಿಗೆ ಅದು ಆಗಲೇಬೇಕಿತ್ತು. ಶ್ರೀಗಂಧದ ಕಥೆ ಬೇರೆ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜಮರ ಎಂದು ಸಾರಿದಂದಿನಿಂದ ಅದು ಸರ್ಕಾರದ ಸೊತ್ತು. ನಿಮ್ಮ ಹಿತ್ತಿಲಲ್ಲಿ ಹುಟ್ಟಿದರೂ ಮರ ನಿಮ್ಮದಲ್ಲ. ಜನ ನೆಡಲು ಹೆದರಿದರು, ಕಳ್ಳರು ಕಡಿಯಲು ಹೆದರಲಿಲ್ಲ. 2001ರ ತಿದ್ದುಪಡಿಯ ನಂತರವಷ್ಟೇ ಕರ್ನಾಟಕದಲ್ಲಿ ಜಮೀನಿನವನೇ ಮರದ ಒಡೆಯನಾದ. ಆದರೆ ಅಷ್ಟರಲ್ಲಿ ಕಾಡಿನ ಹಳೆ ಗಂಧ ಬಹುಪಾಲು ಮುಗಿದಿತ್ತು.

ಇದೆಲ್ಲ ನನಗೆ ಓದಿ ತಿಳಿದದ್ದು. ಪೆಟ್ಟಿಗೆ ಎಂದರೆ ಏನೆಂದು ತಿಳಿದದ್ದು ಕಳೆದ ವರ್ಷ, ಕುಮಟಾ ತಾಲ್ಲೂಕಿನ ದೊಡ್ಡಮ್ಮನ ಮನೆ ಖಾಲಿ ಮಾಡುವಾಗ. ದೊಡ್ಡಪ್ಪ ಹೋದ ಮೇಲೆ ಅವಳನ್ನು ಮಗ ಪುಣೆಗೆ ಕರೆದುಕೊಂಡು ಹೊರಟಿದ್ದ. ಬಂಗಾರವನ್ನು ತೂಗಿ ಹಂಚಲು ಅರ್ಧ ಗಂಟೆ ಸಾಕಾಯಿತು. ಅದು ಇಷ್ಟು ವರ್ಷ ಮಲಗಿದ್ದ ಗಂಧದ ಪೆಟ್ಟಿಗೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಒಂದು ಮೂಲೆ ಒಡೆದಿತ್ತು, ಕೀಲಿಕೈ ಇರಲಿಲ್ಲ. ಹಳೆ ಸಾಮಾನಿನವನು ಮರದ ತೂಕಕ್ಕೆ ರೇಟು ಹೇಳಿ ಹೋಗಿದ್ದ.

“ಎಂತ ಇದ್ದು ಅದ್ರಲ್ಲಿ? ಖಾಲಿ ಪೆಟ್ಟಿಗೆ. ಬೇಕಾದ್ರೆ ತಗಂಡ್ ಹೋಗು ತಮಾ” ಎಂದಳು ದೊಡ್ಡಮ್ಮ.

ಖಾಲಿ ಇರಲಿಲ್ಲ. ತಟ್ಟೆ ಎತ್ತಿದರೆ ತಳದಲ್ಲಿ ಮೂಗುಬೊಟ್ಟಿನ ತಿರುಪು, ಹರಿದ ಕರಿಮಣಿ, ಊರ ಸಹಕಾರಿ ಸಂಘದ ಅಡವಿನ ರಸೀತಿಗಳ ಒಂದು ಮಡಿಕೆ. ಎರಡು ಬಳೆ, ಒಂದು ಸರ. ಅವವೇ ಒಡವೆಗಳು ಮತ್ತೆ ಮತ್ತೆ ಹೋಗಿ ಬಂದಿದ್ದವು. ಒಂದು ರಸೀತಿ 2008ರ ಆಗಸ್ಟಿನದು. ನಾನು ಬಿಇ ಸೇರಿದ ತಿಂಗಳು. ಅಪ್ಪ ಫೀಸು ಹೇಗೆ ಹೊಂದಿಸಿದರೆಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಮಾತಾಡಿರಲಿಲ್ಲ. ದೊಡ್ಡಮ್ಮನನ್ನು ಕೇಳಿದೆ. “ಬಳೆ ವಾಪಸ್ ಬಂತಲ್ಲ, ಮತ್ತೆಂತಕ್ಕೆ ಹೇಳವು” ಎಂದು ಒಳಗೆ ಹೋದಳು.

ಹಳೆ ಒಡವೆ ಪೆಟ್ಟಿಗೆಗೆ ಬೆಲೆ ಬರುವುದು ಇದಕ್ಕೆ ಎಂದು ನನಗನ್ನಿಸುತ್ತದೆ. ಒಡವೆಯನ್ನು ಕರಗಿಸಿ ಹೊಸದು ಮಾಡಿಸುತ್ತೇವೆ, ಮೂರು ತಲೆಮಾರಿನ ಬಂಗಾರ ಒಂದೇ ನೆಕ್ಲೇಸಿನಲ್ಲಿ ಕರಗಿ ಸೇರಿಬಿಡುತ್ತದೆ. ಪೆಟ್ಟಿಗೆಯನ್ನು ಕರಗಿಸಲು ಬರುವುದಿಲ್ಲ. ಯಾವ ಖಾನೆಯಲ್ಲಿ ಯಾವ ಒಡವೆ ಇತ್ತೆಂಬುದನ್ನು ಅದರ ಸವೆದ ಗುರುತೇ ಹೇಳುತ್ತದೆ.

ಈಗ ಅನೇಕರ ಊರ ಮನೆಗಳು ಖಾಲಿಯಾಗುತ್ತಿವೆ. ಹೈದರಾಬಾದಿನಲ್ಲೋ ದೆಹಲಿಯಲ್ಲೋ ಕುಳಿತು ವಾಟ್ಸಾಪಿನಲ್ಲೇ ಯಾವುದನ್ನು ಇಡಬೇಕು, ಯಾವುದನ್ನು ಕೊಡಬೇಕು ಎಂದು ತೀರ್ಮಾನಿಸುತ್ತಿದ್ದೇವೆ. ಅಂಥ ಹೊತ್ತಿಗೆ ನಾಲ್ಕು ಮಾತು.

ಪೆಟ್ಟಿಗೆಯನ್ನು ಕೊಡುವ ಮೊದಲು ತಟ್ಟೆ ಎತ್ತಿ ನೋಡಿ. ಎಷ್ಟೋ ಪೆಟ್ಟಿಗೆಗಳಲ್ಲಿ ತಳದ ಹಲಗೆಯ ಕೆಳಗೂ ಜಾಗ ಇರುತ್ತದೆ.

ದಂತದ ಕೆಲಸವಿದ್ದರೆ ಎಷ್ಟೇ ಹಳೆಯದಾದರೂ ಮಾರುವಂತಿಲ್ಲ. ಇಟ್ಟುಕೊಳ್ಳಲೂ ಮಾಲೀಕತ್ವದ ಪ್ರಮಾಣಪತ್ರ ಬೇಕು. ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಅಮೆರಿಕದ ತಮ್ಮನಿಗೆ ಕಳಿಸೋಣ ಎಂದುಕೊಂಡರೆ, 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ.

ಕೊಳ್ಳುವವರು ಪರಿಮಳವೊಂದನ್ನೇ ನಂಬಬೇಡಿ. ಬೇರೆ ಮರಕ್ಕೆ ಗಂಧದೆಣ್ಣೆ ಸವರಿ ಮಾರುವವರಿದ್ದಾರೆ. ನಿಜವಾದ ಗಂಧ ಕೈಗೆ ಭಾರ, ಎಳೆ ಬಲು ನಯ. ಹೊರಗೆ ವಾಸನೆ ಆರಿಹೋಗಿದ್ದರೂ ಮುಚ್ಚಿಟ್ಟ ಒಳಭಾಗದಲ್ಲಿ ಉಳಿದಿರುತ್ತದೆ.

ಇಟ್ಟುಕೊಂಡವರು ಎಸಿ ಗಾಳಿ, ಬಿಸಿಲು ನೇರವಾಗಿ ತಾಗದಂತೆ ಇಡಿ. ತೇವಕ್ಕೆ ಮರ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ, ತವರ ಹಾಗೆ ಮಾಡುವುದಿಲ್ಲ. ಸಾದೇಲಿಯ ಬಿಲ್ಲೆಗಳು ಕಿತ್ತು ಬರುವುದು ಈ ಎಳೆದಾಟದಿಂದ. ಒದ್ದೆ ಬಟ್ಟೆ, ಪಾಲಿಶ್ ಬೇಡ. ಮೆತ್ತನೆಯ ಒಣ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ಬಿಲ್ಲೆ ಉದುರಿದರೆ ಫೆವಿಕಾಲ್ ಹಾಕಲು ಹೋಗದೆ ಕವರಿನಲ್ಲಿ ಎತ್ತಿಡಿ, ಬಲ್ಲವರು ಸಿಕ್ಕಾಗ ಕೂರಿಸಬಹುದು.

ಮುಂಬೈಯವರಿಗೆ ಇನ್ನೊಂದು ಮಾತು. ಬೈಕಲಾದ ರಾಣಿಬಾಗ್ ಪಕ್ಕದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ 1872ರಲ್ಲಿ ತೆರೆದದ್ದು. ಹತ್ತೊಂಬತ್ತನೇ ಶತಮಾನದ ಕರಕುಶಲ ಕಲೆಗಳೇ ಅದರ ಆಸ್ತಿ. ಮಕ್ಕಳನ್ನು ಪ್ರಾಣಿ ನೋಡಲು ರಾಣಿಬಾಗಿಗೆ ಕರೆದೊಯ್ದ ದಿನ ಒಂದು ಗಂಟೆ ಅಲ್ಲಿಗೂ ಕೊಡಿ. ಊರಿಗೆ ಹೋದಾಗ ಸಾಗರದ ಗುಡಿಗಾರರ ಮನೆಗಳ ಕಡೆಗೂ ಹೋಗಿ ಬನ್ನಿ. ಕಸುಬು ಅಲ್ಲಿ ಇನ್ನೂ ಉಸಿರಾಡುತ್ತಿದೆ. ಚೌಕಾಸಿ ಮಾಡುವ ಮೊದಲು ಆ ಬಳ್ಳಿಯಲ್ಲಿ ಎಲೆ ಎಷ್ಟಿವೆ ಎಂದೊಮ್ಮೆ ಎಣಿಸಿ ನೋಡಿ.