ರಂಜಕದ ಗಾಜು ಮಾಡಿದ ಎಡವಟ್ಟು

ನಮ್ಮ ಮನೆಯ ಹಳೆಯ ರೇಡಿಯೊದೊಳಗೆ ತಗಡಿನ ಟೋಪಿ ಹಾಕಿಕೊಂಡ ಟ್ರಾನ್ಸಿಸ್ಟರುಗಳಿದ್ದವು. ಮಲೆನಾಡಿನ ಮಳೆಗೆ ಗೋಡೆ ಬೆವರಿ, ಅಟ್ಟದ ಪುಸ್ತಕಕ್ಕೆ ಬೂಷ್ಟು ಹಿಡಿದರೂ ಅವು ಕೆಡಲಿಲ್ಲ. ಆಮೇಲೆ ಬಂದ ಕರಿ ಪ್ಲಾಸ್ಟಿಕ್ಕಿನ ಚಿಪ್‌ಗಳ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಅದು ಬರೀ ವಯಸ್ಸಾದವನ ಗೊಣಗಾಟವಲ್ಲ ಅಂತ ಧೈರ್ಯ ಬಂದದ್ದು ಈ ರಂಜಕದ ಗಾಜಿನ ಪ್ರಸಂಗ ತಿಳಿದ ಮೇಲೆ.

ಸಿಲಿಕಾನ್ ಬಿಲ್ಲೆಯ ಮೇಲೇ ಲೋಹದ ಗೆರೆ ಎಳೆದು ಇಡೀ ಸರ್ಕ್ಯೂಟನ್ನು ಬೆಸೆಯುವ ಉಪಾಯವನ್ನು 1959ರಲ್ಲಿ ಕೊಟ್ಟವರು ಅಮೆರಿಕದ ಫೇರ್‌ಚೈಲ್ಡ್ ಕಂಪನಿಯ ರಾಬರ್ಟ್ ನಾಯ್ಸ್. ಲೋಹ ಅಲ್ಯೂಮಿನಿಯಂ, ಹಿಂದಿನವರು ಜರ್ಮನ್ ಪಾತ್ರೆ ಅನ್ನುತ್ತಿದ್ದರಲ್ಲ, ಅದೇ. ಹುಣಸೆಹುಳಿ, ಉಪ್ಪು ತಾಗಿ ಪಾತ್ರೆಯ ತಳ ಚುಕ್ಕೆಚುಕ್ಕೆಯಾಗಿ ಸವೆದರೆ ತಿಕ್ಕಿ ತೊಳೆದು ಮತ್ತೆ ಒಲೆಗಿಡುತ್ತೇವೆ. ಚಿಪ್‌ನ ಗೆರೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಷ್ಟು ಸವೆದರೆ ಅದರ ಕಥೆ ಮುಗಿಯಿತು.

ಲೋಹ ಅಥವಾ ಪಿಂಗಾಣಿಯ ಗೂಡಿನಲ್ಲಿ ಗಾಳಿಯಾಡದಂತೆ ಮುಚ್ಚಿದಾಗ ಈ ಭಯ ಕಡಿಮೆ, ಖರ್ಚು ಜಾಸ್ತಿ. 1960ರ ದಶಕದಲ್ಲಿ ಅಗ್ಗದ ಪ್ಲಾಸ್ಟಿಕ್ ಬಂತು. ಯಾವ ಪ್ಲಾಸ್ಟಿಕ್ಕೂ ನೀರಾವಿಯನ್ನು ಪೂರ್ತಿ ತಡೆಯದು. ಎಪಾಕ್ಸಿ ಎಂಬ ಪ್ಲಾಸ್ಟಿಕ್ಕಿನಲ್ಲಂತೂ ತಯಾರಿಕೆಯ ಕಾಲದ ಕ್ಲೋರಿನ್ ಅಂಶ ಉಳಿದಿರುತ್ತದೆ. ತೇವ ಸಿಕ್ಕಿದರೆ ಕ್ಲೋರೈಡ್ ಆಗಿ ಹೊರಟು ಅಲ್ಯೂಮಿನಿಯಂ ಮೈಮೇಲಿನ ಆಕ್ಸೈಡ್ ಪೊರೆಯನ್ನು ತೂತು ಮಾಡುತ್ತದೆ. ತಾನು ಮಾತ್ರ ಖರ್ಚಾಗದೆ ಪಕ್ಕಕ್ಕೆ ಸರಿಯುತ್ತದೆ!

ಇದನ್ನು ತಡೆಯಲು ಗೆರೆಗಳ ಮೇಲೆ ಗಾಜಿನ ಪದರ ಹೊದಿಸಿದರು. ಬರೀ ಸಿಲಿಕಾ ಗಾಜು ಬಿರುಕು ಬಿಡುತ್ತಿತ್ತು. ರಂಜಕ ಬೆರೆಸಿದರೆ ಬಿರುಕು ಕಡಿಮೆ. ಜೊತೆಗೆ ಚಿಪ್‌ನ ಲೆಕ್ಕ ತಪ್ಪಿಸುವ ಸೋಡಿಯಂ, ಕೈಬೆವರಲ್ಲಿರುವ ಅದೇ ಸೋಡಿಯಂ, ಅದರಲ್ಲಿ ಸಿಕ್ಕಿಬೀಳುತ್ತಿತ್ತು. ಒಂದು ಮದ್ದಿಗೆ ಎರಡು ರೋಗ ವಾಸಿ ಅಂದಮೇಲೆ ಕೈ ಧಾರಾಳವಾಗದೆ ಇರುತ್ತದೆಯೆ? ಕೆಟ್ಟ ಚಿಪ್‌ಗಳನ್ನು ಬಿಚ್ಚಿ ನೋಡಿದಾಗ ಗಾಜಿನ ಪಕ್ಕದಲ್ಲೇ ಅಲ್ಯೂಮಿನಿಯಂ ಕರಗಿಹೋಗಿತ್ತು. ಹೆಚ್ಚಾದ ರಂಜಕ ತೇವ ಕುಡಿದು ಫಾಸ್ಫಾರಿಕ್ ಆಮ್ಲವಾಗಿತ್ತು. ಬೇಲಿಯೇ ಹೊಲ ಮೇಯ್ದಿತ್ತು. 1970ರ ದಶಕದಲ್ಲಿ ಇದು ಖಚಿತವಾಗಿ, ರಂಜಕದ ಪಾಲು ಇಳಿಸಿದರು. ಮುಂದೆ ಸಿಲಿಕಾನ್ ನೈಟ್ರೈಡ್ ಪದರ ಬಂತು.

ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದವರು ಕಂಡದ್ದು ಇನ್ನೂ ಸೋಜಿಗ. ಅವರು ಚಿಪ್ ಮೇಲೆ ಲೇಪಿಸಿದ ಸಿಲಿಕೋನ್ ರಬ್ಬರು ನೀರಾವಿಯನ್ನು ಎಪಾಕ್ಸಿಗಿಂತ ಸಲೀಸಾಗಿ ಒಳಗೆ ಬಿಡುತ್ತದೆ. ಆದರೂ ಕಾಯುತ್ತದೆ. ಅದು ಚಿಪ್‌ನ ಮೈಗೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಒಳಬಂದ ಆವಿಗೆ ನೀರಿನ ಪದರವಾಗಿ ಕೂರಲು ಜಾಗವೇ ಸಿಗದು. ನೀರಿನ ಪದರ ಇಲ್ಲದಿದ್ದರೆ ಕ್ಲೋರೈಡ್‌ನಂಥ ಅಯಾನುಗಳು ಓಡಾಡುವಂತಿಲ್ಲ, ಸವೆತವೂ ಇಲ್ಲ. ಲೇಪ ಎಲ್ಲಿ ಎದ್ದಿತೋ ಕೇಡು ಅಲ್ಲಿಂದ ಶುರು.

ಅಮೆರಿಕದ ಸೇನೆ ಬಹುಕಾಲ ಪ್ಲಾಸ್ಟಿಕ್ಕನ್ನು ದೂರವೇ ಇಟ್ಟಿತ್ತು. 1994ರ ಜೂನ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರ್ರಿ ಮಾರುಕಟ್ಟೆಯ ಮಾಲಿಗೆ ದಾರಿ ಬಿಟ್ಟುಕೊಟ್ಟರು. ತೇವಕ್ಕೆ ತಾಳುತ್ತವೆಯೆ ಎಂದು ನೋಡಲು ಚಿಪ್‌ಗಳನ್ನು 85 ಡಿಗ್ರಿ ಸೆಲ್ಸಿಯಸ್ ಶಾಖ, ಶೇ 85 ಆರ್ದ್ರತೆಯಲ್ಲಿ, ವಿದ್ಯುತ್ ಹಾಯಿಸಿ 1,000 ಗಂಟೆ ಕೂರಿಸುವ ಪರೀಕ್ಷೆ ಈಗಲೂ ಇದೆ. ಹತ್ತಿರ ಹತ್ತಿರ ಆರು ವಾರ. ನಮ್ಮ ಕಡೆಯ ಆಷಾಢಕ್ಕಿಂತ ಉದ್ದ.

ನಮ್ಮ ರೇಡಿಯೊ ಎಂದೋ ಗುಜರಿಗೆ ಹೋಯಿತು. ನಿಮ್ಮ ಅಟ್ಟದಲ್ಲಿ ಅಂಥದ್ದಿದ್ದರೆ ಕೊಡುವ ಮುಂಚೆ ಒಮ್ಮೆ ಹಿಂಬದಿ ಬಿಚ್ಚಿ, ಆ ತಗಡಿನ ಟೋಪಿಗಳನ್ನು ಮಕ್ಕಳಿಗೆ ತೋರಿಸಿ.