ತಂಬಿಗೆ ನೀರಿನ ಶೌಚಾಲಯ: ಎರಿ ನೆಲದಲ್ಲಿ ಗುಂಡಿಯೇ ಮುಖ್ಯ

ವಿಜಯಪುರ: ಮನೆ ಕಟ್ಟಿಸುವವರು ಶೌಚಾಲಯದ ಬಗ್ಗೆ ಯೋಚಿಸುವುದು ಸಾಮಾನ್ಯವಾಗಿ ಕೊನೆಗೆ, ಅದೂ ಟೈಲ್ಸ್ ಬಣ್ಣ ಆರಿಸುವ ಸಮಯದಲ್ಲಿ. ನಳಕ್ಕೆ ದಿನವೂ ನೀರು ಬಾರದ ಓಣಿಗಳಲ್ಲಿ, ತಿಕೋಟಾ ಮತ್ತು ಬಬಲೇಶ್ವರ ಸುತ್ತಲಿನ ತೋಟದ ವಸತಿಗಳಲ್ಲಿ ಈ ಅಲಕ್ಷ್ಯದ ಬೆಲೆ ಮೊದಲ ಮಳೆಗಾಲದಲ್ಲೇ ತಿಳಿಯುತ್ತದೆ. ಗುಂಡಿ ತುಂಬಿ ನೀರು ಹಿಂದಕ್ಕೆ ಬರುತ್ತದೆ. ಮನೆಯವರು ಮತ್ತೆ ಚರಗಿ ಹಿಡಿದು ಬಯಲಿಗೆ ಹೊರಡುತ್ತಾರೆ.

ಹಳೆಯ ಮಾದರಿಯ ಫ್ಲಶ್ ತೊಟ್ಟಿ ಒಮ್ಮೆ ಎಳೆದರೆ ಸುಮಾರು 10 ಲೀಟರ್ ನೀರು ಬೇಡುತ್ತದೆ. ಐವರ ಮನೆಯಲ್ಲಿ ದಿನಕ್ಕೆ ಹತ್ತು ಸಲ ಎಳೆದರೆ 100 ಲೀಟರ್, ಅಂದರೆ ಆರೇಳು ಕೊಡ. ಟ್ಯಾಂಕರ್ ಕಾಯುವ ಮನೆಗೆ ಇದು ಹೊರೆ. ಇದಕ್ಕೆ ಬದಲಾಗಿ ಕೈಯಿಂದ ನೀರು ಸುರಿಯುವ ‘ರೂರಲ್ ಪ್ಯಾನ್’ಗೆ ಒಂದೂವರೆಯಿಂದ ಎರಡು ಲೀಟರ್ ಸಾಕು. ಅದರ ತಳ 25ರಿಂದ 28 ಡಿಗ್ರಿಯಷ್ಟು ಕಡಿದಾಗಿ ಇಳಿದಿರುತ್ತದೆ; ಕೆಳಗಿನ ಟ್ರ್ಯಾಪ್‌ನಲ್ಲಿ 20 ಮಿಲಿಮೀಟರ್ ಮಾತ್ರ ನೀರು ನಿಲ್ಲುತ್ತದೆ. ದುರ್ವಾಸನೆ ಮತ್ತು ನೊಣ ತಡೆಯಲು ಅಷ್ಟು ನೀರು ಸಾಕಾಗುತ್ತದೆ. ಅಂಗಡಿಯಲ್ಲಿ ಕೇಳದಿದ್ದರೆ 50 ಮಿಲಿಮೀಟರ್‌ನ ಸಾಮಾನ್ಯ ಟ್ರ್ಯಾಪ್ ಕೈಗೆ ಬರುವುದುಂಟು. ಅದನ್ನು ಕೂರಿಸಿದರೆ ತಂಬಿಗೆಯ ಲೆಕ್ಕ ತಪ್ಪಿ ಬಕೆಟ್ಟಿನ ಲೆಕ್ಕ ಆರಂಭವಾಗುತ್ತದೆ.

ಈ ಪ್ಯಾನ್‌ನಲ್ಲಿ ಚಲಿಸುವ ಭಾಗವೇ ಇಲ್ಲ ಎಂಬುದು ಗಮನಾರ್ಹ. ಹಾಯಿದೋಣಿಗಳಲ್ಲಿ ಬಳಸುವ ಕೈಪಂಪಿನ ಶೌಚಪೀಠದಲ್ಲಿ ರಬ್ಬರ್ ಕವಾಟಗಳಿರುತ್ತವೆ. ಅವು ಸವೆಯುವುದರಿಂದ ನಾವಿಕರು ಬಿಡಿಭಾಗಗಳನ್ನು ಜೊತೆಯಲ್ಲೇ ಒಯ್ಯುತ್ತಾರೆ. ಫ್ಲಶ್ ತೊಟ್ಟಿಯ ಪಾಡೂ ಅಷ್ಟೆ: ಗಡಸು ನೀರಿನ ಸುಣ್ಣ ಕಟ್ಟಿ ಕವಾಟ ಸೋರತೊಡಗುತ್ತದೆ. ಪ್ಯಾನ್ ಮತ್ತು ಟ್ರ್ಯಾಪ್ ಒಡೆಯದ ಹೊರತು ಕೆಡುವುದಿಲ್ಲ. ಸಿರಾಮಿಕ್ ಪ್ಯಾನ್ ಬೆಲೆ ಸ್ವಲ್ಪ ಹೆಚ್ಚಾದರೂ ನುಣುಪಾಗಿರುವುದರಿಂದ ಕಡಿಮೆ ನೀರಿಗೆ ಸ್ವಚ್ಛವಾಗುತ್ತದೆ.

ಮಣ್ಣು ಕುಡಿಯುವುದೆಷ್ಟು?

ಪ್ಯಾನ್ ಆಯ್ಕೆ ಸುಲಭ. ಕಷ್ಟವಿರುವುದು ಗುಂಡಿಯಲ್ಲಿ. ಸುರಿಯುವ ನೀರಿನ ಶೌಚಾಲಯಕ್ಕೆ ಒಬ್ಬರಿಗೆ ದಿನಕ್ಕೆ ಸುಮಾರು ಒಂಬತ್ತೂವರೆ ಲೀಟರ್ ಎಂದು ತಜ್ಞರು ಲೆಕ್ಕ ಹಿಡಿಯುತ್ತಾರೆ. ಐವರಿಗೆ 47 ಲೀಟರ್ ದಾಟುತ್ತದೆ. ಇಷ್ಟು ನೀರು ಗುಂಡಿಯ ಗೋಡೆಯ ಮೂಲಕ ಇಂಗಬೇಕು. ಮರಳುಮಿಶ್ರಿತ ಗೋಡುಮಣ್ಣು ಚದರ ಮೀಟರಿಗೆ ದಿನಕ್ಕೆ 30 ಲೀಟರ್ ಹೀರಿಕೊಂಡರೆ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರಿ ಮಣ್ಣು ಹೀರುವುದು 10 ಲೀಟರ್ ಮಾತ್ರ.

ಇಟ್ಟಿಗೆ ಗೋಡೆ ಸೇರಿ 1.2 ಮೀಟರ್ ಹೊರವ್ಯಾಸ, ಒಂದು ಮೀಟರ್ ಆಳದ ಗುಂಡಿಯ ಸುತ್ತು ಸುಮಾರು 3.8 ಚದರ ಮೀಟರ್ ಆಗುತ್ತದೆ. ಎರಿ ನೆಲದಲ್ಲಿ ಅದು ದಿನಕ್ಕೆ 38 ಲೀಟರ್ ಇಂಗಿಸಬಲ್ಲದು. ಉಳಿದ ಒಂಬತ್ತು ಲೀಟರ್ ದಿನದಿನವೂ ಶೇಖರವಾಗುತ್ತದೆ. ಜೋಳಕ್ಕೆ ಹೆಸರಾದ ಡೋಣಿ ಕಣಿವೆಯ ಮಣ್ಣು ತೇವ ಹಿಡಿದಿಡುವ ಗುಣದಿಂದಲೇ ಬೆಳೆಗೆ ಒಳ್ಳೆಯದು, ಗುಂಡಿಗೆ ಅದೇ ಶಾಪ.

ಪರಿಹಾರ ದುಬಾರಿಯದಲ್ಲ. ಗುಂಡಿಯ ಗೋಡೆಯ ಹೊರಗೆ ಸುತ್ತಲೂ 300 ಮಿಲಿಮೀಟರ್ ಅಗಲಕ್ಕೆ ಮರಳು, ಜಲ್ಲಿ ಅಥವಾ ಇಟ್ಟಿಗೆ ಚೂರು ತುಂಬಬೇಕು. ಆಗ ಹೊರವ್ಯಾಸ 1.8 ಮೀಟರ್ ಆಗಿ, ಇಂಗುವ ಪ್ರಮಾಣ 56 ಲೀಟರ್‌ಗೆ ಏರುತ್ತದೆ. ಬಚ್ಚಲ ನೀರನ್ನು ಮಾತ್ರ ಈ ಗುಂಡಿಗೆ ಬಿಡಲೇಬಾರದು. ಗೌಂಡಿಗಳು ಮರಳಿನ ಖರ್ಚು ಉಳಿಸಲು ಈ ಸುತ್ತನ್ನೇ ಮೊದಲು ಕೈಬಿಡುತ್ತಾರೆ, ಮಾಲೀಕರೂ ಕೇಳುವುದಿಲ್ಲ.

ವಿಜಯಪುರ ನಗರ ಮತ್ತು ಸುತ್ತಲಿನ ಮಡ್ಡಿ ನೆಲದಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿ ಕಪ್ಪುಶಿಲೆಯ ಬಿರುಕುಗಳಿವೆ; ನೀರು ಬೇಗ ಇಳಿಯುತ್ತದೆ, ಆದರೆ ಸೋಸಿಕೊಳ್ಳದೆ ಇಳಿಯುತ್ತದೆ. ಬಾವಿ, ಕೊಳವೆಬಾವಿಗಳಿಗೆ ನೀರು ಒದಗಿಸುವುದೂ ಇಂಥ ಬಿರುಕುಗಳೇ. ಸಾಮಾನ್ಯ ನೆಲದಲ್ಲಿ ಗುಂಡಿ ಮತ್ತು ಬಾವಿಯ ನಡುವೆ 10 ಮೀಟರ್ ಅಂತರ ಸಾಕೆನ್ನುತ್ತಾರೆ. ಬಿರುಕು ಬಂಡೆಯಲ್ಲಿ ಆ ಅಳತೆಯನ್ನು ನಂಬುವಂತಿಲ್ಲ. ಗುಂಡಿಯ ತಳಕ್ಕೆ ಕಾಂಕ್ರೀಟ್ ಹಾಕಿ, ಸುತ್ತಲೂ ಅರ್ಧ ಮೀಟರ್ ಸಣ್ಣ ಮರಳು ತುಂಬುವುದು ಅಗತ್ಯ.

ಎರಡು ಗುಂಡಿ ಏಕೆ?

ಒಬ್ಬರಿಂದ ವರ್ಷಕ್ಕೆ ಸ್ಥೂಲವಾಗಿ 45 ಲೀಟರ್ ಮಲದ ರಾಡಿ ಉಳಿಯುತ್ತದೆ. ಐವರ ಮನೆಯಲ್ಲಿ ಒಂದು ಮೀಟರ್ ಒಳವ್ಯಾಸದ ಗುಂಡಿ ತುಂಬಲು ಮೂರು ವರ್ಷ ಮೀರಬೇಕು. ಅದು ತುಂಬಿದೊಡನೆ ಮುಚ್ಚಿ ಎರಡನೆಯದಕ್ಕೆ ಹರಿವು ತಿರುಗಿಸಿದರೆ, ಎರಡು ವರ್ಷದ ವಿಶ್ರಾಂತಿಯಲ್ಲಿ ರೋಗಾಣುಗಳು ನಾಶವಾಗಿ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಈ ಜೋಡಿಗುಂಡಿ ಮಾದರಿಯನ್ನು ದೇಶದಾದ್ಯಂತ ಹರಡಿದವರು ಸುಲಭ್ ಸಂಸ್ಥೆಯ ಬಿಂದೇಶ್ವರ ಪಾಠಕ್. ಹಿಂಜರಿಕೆ ಬಿಡಿಸಲು 2017ರಲ್ಲಿ ಕೇಂದ್ರದ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ತಾವೇ ಗುಂಡಿಗಿಳಿದು ಗೊಬ್ಬರ ತೆಗೆದರು.

ಇಲ್ಲಿರುವುದು ಗೊಬ್ಬರದ ಪ್ರಶ್ನೆಯಷ್ಟೇ ಅಲ್ಲ. ಒಂದೇ ಗುಂಡಿಯಿದ್ದರೆ ಹಸಿ ಮಲ ತೆಗೆಯಲು ಯಾರನ್ನಾದರೂ ಕರೆಯಲೇಬೇಕು. ತೋಟದ ವಸತಿಯ ಕಿರುದಾರಿಯಲ್ಲಿ ಹೀರುಯಂತ್ರದ ವಾಹನ ಬರುವುದು ಕಷ್ಟ. ಆಗ ಇಳಿಯುವವನು ಬಡವ, ಬಹುತೇಕ ದಲಿತ. ಮಲ ಹೊರಿಸುವುದನ್ನು, ರಕ್ಷಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ವಿಷಾನಿಲ ಮಾತ್ರ ಕಾಯ್ದೆಯನ್ನು ಓದಿಕೊಂಡು ಬರುವುದಿಲ್ಲ.

ಜೋಡಿಗುಂಡಿ ಕಟ್ಟಿಯೂ ಕೆಡಿಸುವವರಿದ್ದಾರೆ. ಎರಡೂ ಗುಂಡಿಗೆ ಏಕಕಾಲಕ್ಕೆ ಹರಿವು ಬಿಡುವುದು, ಒಂದರಿಂದ ಇನ್ನೊಂದಕ್ಕೆ ಪೈಪು ಜೋಡಿಸುವುದು, ರಂಧ್ರವಿಲ್ಲದ ಸಿಮೆಂಟ್ ಬಳೆ ಇಳಿಸುವುದು ಇವುಗಳಲ್ಲಿ ಸಾಮಾನ್ಯ. ಗಾಳಿ ಪೈಪು ನಿಲ್ಲಿಸುವವರೂ ಹಲವರು. ಅನಿಲವನ್ನು ಮಣ್ಣೇ ಹೀರಿಕೊಳ್ಳುವುದರಿಂದ ಅದರ ಅಗತ್ಯವಿಲ್ಲ. ಗೌಂಡಿಗೆ ಕೊನೆಯ ಕಂತು ಕೊಡುವ ಮೊದಲು ಜಂಕ್ಷನ್ ಚೇಂಬರಿನ ಮುಚ್ಚಳ ತೆಗೆಸಿ ನೋಡುವುದು ಕ್ಷೇಮ: ಕವಲಿನ ಒಂದು ಬಾಯಿ ಇಟ್ಟಿಗೆಯಿಂದ ಮುಚ್ಚಿರಬೇಕು, ಸುರಿದ ಎರಡು ಲೀಟರ್ ನೀರು ಇನ್ನೊಂದು ಬಾಯಿಯಲ್ಲಿ ನಿಲ್ಲದೆ ಹರಿದುಹೋಗಬೇಕು.