ಅಂಕಿತವಡಗಿಸಿದ ಜಾಲ

ಜೇವರ್ಗಿಯ ಷಣ್ಮುಖ ಶಿವಯೋಗಿಗಳ ವಚನದಲ್ಲಿ ‘ಅಖಂಡೇಶ್ವರಾ’ ಎಂಬ ಅಂಕಿತ ಕಿವಿಗೆ ಬಿದ್ದೊಡನೆ ಅದು ಯಾರ ನುಡಿಯೆಂದು ಬಲ್ಲವರು ಅರಿಯುತ್ತಾರೆ. ಅಂಕಿತವನ್ನು ತೆಗೆದರೆ ನುಡಿ ಕೇಳಿಸೀತು, ನುಡಿದವರಾರೆಂಬುದು ತಿಳಿಯದು. ‘ಗುಪ್ತ’ ವೈಫೈ ಜಾಲದ ಮರ್ಮವೂ ಇಷ್ಟೆ.

ನಿಸ್ತಂತು ಜಾಲದ ಯಂತ್ರವು ಸೆಕೆಂಡಿಗೆ ಸುಮಾರು 10 ಬಾರಿ ತನ್ನ ಇರವನ್ನು ಅಲೆಗಳ ಮೂಲಕ ಸಾರುತ್ತಿರುತ್ತದೆ. ಜಾಲವನ್ನು ಗುಪ್ತವಾಗಿಸಿದರೂ ಈ ಸಾರಿಕೆ ನಿಲ್ಲುವುದಿಲ್ಲ. ಅದರಲ್ಲಿ ಹೆಸರಿನ ಸ್ಥಳವೊಂದೇ ಬರಿದಾಗುತ್ತದೆ.

ಆಳಂದದ ಶಾಲೆಯೊಂದರಲ್ಲಿ ಮಕ್ಕಳ ಅಂಕಪಟ್ಟಿಗಳನ್ನು ಕಾಪಿಡುವ ಲಿನಕ್ಸ್ ಸರ್ವರ್ ಇದೆಯೆಂದು ಭಾವಿಸೋಣ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಿಂದ ನಡೆಯುವ ಸರ್ವರ್‌ಗಳಿಗೆ ಅನೇಕ ವೇಳೆ ಪರದೆಯೇ ಇರುವುದಿಲ್ಲ. ಹೇಳಬೇಕಾದುದನ್ನೆಲ್ಲ ಕಡತದಲ್ಲಿ ಬರೆದಿಡಬೇಕು. ಜಾಲದ ಹೆಸರನ್ನೂ ಗುಪ್ತಪದವನ್ನೂ ಸರಿಯಾಗಿ ಬರೆದಿದ್ದರೂ ಸರ್ವರ್ ಕೆಲವೊಮ್ಮೆ ಜಾಲವನ್ನು ಕಾಣದು. ಕಾರಣ ಸರಳ: ಅದು ಹೆಸರು ಕೇಳಿಬರಲೆಂದು ಕಾಯುತ್ತಿದೆ, ಹೆಸರಾದರೋ ಬಾರದು. ತಾನೇ ಹೆಸರು ಹಿಡಿದು ಕೂಗುವಂತೆ ಅದಕ್ಕೆ ಆಜ್ಞಾಪಿಸಬೇಕು. ‘ಡಬ್ಲ್ಯುಪಿಎ ಸಪ್ಲಿಕೆಂಟ್’ ತಂತ್ರಾಂಶದ ಕಡತದಲ್ಲಿ ‘ಸ್ಕ್ಯಾನ್ ಎಸ್‌ಎಸ್‌ಐಡಿ’ ಎಂಬುದರ ಬೆಲೆಯನ್ನು 0ಯಿಂದ 1ಕ್ಕೆ ಬದಲಿಸಿದರೆ ಆ ಆಜ್ಞೆ ಪೂರ್ಣವಾಗುತ್ತದೆ. ಇಂಗ್ಲಿಷ್ ಹೆಸರಾದರೆ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೂ ತಪ್ಪಬಾರದು.

ಹೆಸರಿಗೆ ಇರುವ ಅವಕಾಶ 32 ಬೈಟುಗಳಷ್ಟೆ. ಯೂನಿಕೋಡ್‌ನ ರೂಢಿಯ ಬರಹದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಸಂಕೇತವೂ 3 ಬೈಟುಗಳನ್ನು ಬೇಡುತ್ತದೆ. ‘ಅಫಜಲಪುರ’ಕ್ಕೆ 21 ಸಾಕು, ‘ಆಳಂದ ಪ್ರೌಢಶಾಲೆ’ಗೆ 40 ಬೇಕಾಗಿ, ಅದು ಹಿಡಿಸದು.

ಇಷ್ಟೆಲ್ಲ ಶ್ರಮದಿಂದ ದೊರೆಯುವ ರಕ್ಷಣೆಯೆಷ್ಟು? ಇಲ್ಲಿಯೇ ಎಚ್ಚರ ಅಗತ್ಯ. ಹೆಸರು ಹಿಡಿದು ಕೂಗುವ ದನಿಯನ್ನು ಸಮೀಪದಲ್ಲಿರುವ ಯಾರಾದರೂ ತಕ್ಕ ತಂತ್ರಾಂಶದಿಂದ ಕೇಳಬಹುದು. ಅದೇ ಶಾಲೆಯ ಮಡಿಲ ಗಣಕವನ್ನು ಅಫಜಲಪುರದ ಬಸ್ ನಿಲ್ದಾಣದಲ್ಲಿ ತೆರೆದರೆ, ಆಳಂದದ ಗುಪ್ತ ಜಾಲದ ಹೆಸರನ್ನು ಅದು ಅಲ್ಲಿಯೂ ಕೂಗೀತು! ಗುಟ್ಟನ್ನು ಕಾಯಬೇಕಾದವನೇ ಊರೂರಿಗೆ ಡಂಗುರ ಹೊಡೆದಂತೆ.

ಹೆಸರನ್ನು ಅಡಗಿಸಿದ ಮಾತ್ರಕ್ಕೆ ಮಕ್ಕಳ ಅಂಕಪಟ್ಟಿಗಳು ಭದ್ರವಾದುವೆಂದು ನಂಬುವುದು ಬಾಗಿಲಿಗೆ ಬೀಗ ಹಾಕದೆ ಮನೆಯ ನಾಮಫಲಕವನ್ನಷ್ಟೇ ಕಿತ್ತಿಟ್ಟಂತಾದೀತು. ನಿಜವಾದ ಬೀಗವೆಂದರೆ 2004ರ ಡಬ್ಲ್ಯುಪಿಎ2 ಅಥವಾ 2018ರ ಡಬ್ಲ್ಯುಪಿಎ3 ಗೂಢಲಿಪಿ, ಅದರೊಡನೆ ಊಹೆಗೆ ನಿಲುಕದ ದೀರ್ಘ ಗುಪ್ತಪದ. ಇದ್ದೆಡೆಯಿಂದ ಕದಲದ ಸರ್ವರ್‌ಗಾದರೋ ಅಲೆಗಳ ಹಂಗೇ ಬೇಕಿಲ್ಲ. ಗೋಡೆಯುದ್ದಕ್ಕೂ ಎಳೆದ ಒಂದು ತಂತಿ ಎಲ್ಲಕ್ಕಿಂತ ನಿಶ್ಚಿಂತೆ.